‘ಟರ್ನ್ ಡೌನ್’ ಕಲಿಸಿದ ಅಕ್ಕಾರು

ರಾಣೇಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶಶಿಕಾಂತನ ಬೀಜದ ಅಂಗಡಿ. ಅಂಗಡಿಯ ಮೇಲೆ ಒಂದು ಖೋಲಿ. ಸಂಜೆಯಾಯಿತೆಂದರೆ ಆ ಖೋಲಿಯಲ್ಲಿ ಅವನ ಹೆಂಡತಿ ನಿರ್ಮಲಾ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಓಣಿಗೆಲ್ಲ ಆಕೆ ಅಕ್ಕಾರು. ಗಂಡ ಕೂಡ ಗಿರಾಕಿಗಳ ಮುಂದೆ ‘ಅಕ್ಕಾರು ಮ್ಯಾಲೆ ಅದಾರ್ರಿ’ ಎಂದೇ ಹೇಳುತ್ತಿದ್ದ. ಆಳು ಕುಳ್ಳಿ, ದನಿ ಮಾತ್ರ ಕೆಳಗೆ ಸೌತೆ ಬೀಜ ಆರಿಸುತ್ತ ನಿಂತವನಿಗೂ ಕೇಳುವಂಥದ್ದು. ಬೀಜ ಒಯ್ಯಲು ಬಂದ ರೈತರು ಅದರ ಜೊತೆಗೆ ನಾಲ್ಕು ಇಂಗ್ಲಿಷ್ ಮಾತನ್ನೂ ಪುಕ್ಕಟೆ ಕಟ್ಟಿಕೊಂಡು ಹೋಗುತ್ತಿದ್ದರು.

ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಬೆನ್ನಿಗೆ ಸಣ್ಣದೊಂದು ಶಬ್ದ ಬಂದು ಕೂತು ಅರ್ಥವನ್ನೇ ಬೇರೆ ಮಾಡಿಬಿಡುವ ಮಾತುಗಳಿವೆಯಲ್ಲ, ಫ್ರೇಜಲ್ ವರ್ಬ್ ಎನ್ನುತ್ತಾರೆ, ಪರೀಕ್ಷೆಗೆ ಕೂತ ಹಳ್ಳಿ ಮಕ್ಕಳು ಮುಗ್ಗರಿಸುವುದು ಅಲ್ಲೇ. ಬೇರೆ ಮಾಸ್ತರರು ಅವನ್ನು ಗೋಡೆಯುದ್ದ ಬರೆದು ಬಾಯಿಪಾಠ ಮಾಡಿಸುತ್ತಿದ್ದರು. ನಿರ್ಮಲಾಗೆ ಬಾಯಿಪಾಠ ಕಂಡರೆ ಆಗದು. ಒಂದು ಸಂಜೆಗೆ ಒಂದೇ ಮಾತು. ಅದನ್ನು ಮಾಡಿ ತೋರಿಸಬೇಕು, ಮಕ್ಕಳು ಮಾಡಿ ತೋರಿಸಬೇಕು, ಆಮೇಲೆ ಮನೆಗೆ ಹೋಗಬೇಕು. ‘ಗೆಟ್ ಅಪ್’ ಕಲಿಸಿದ ದಿನ ಇಡೀ ಕ್ಲಾಸು ಎದ್ದು ಕೂತು ಎದ್ದು ಕೂತು, ಕೆಳಗೆ ಅಂಗಡಿಯ ತೊಲೆಯಿಂದ ಮಣ್ಣು ಉದುರಿತ್ತು.

ಎರಡು ಸಾವಿರದ ಏಳರ ಶ್ರಾವಣ. ಪಂಚಮಿ ಇನ್ನೇನು ಬಂತು ಎನ್ನುವಾಗ ಆ ಸಂಜೆಯ ಮಾತು ‘ಟರ್ನ್ ಡೌನ್’.

ಕೆಳಗೆ ಶಶಿಕಾಂತ ರೇಡಿಯೋ ಜೋರಾಗಿ ಹಚ್ಚಿದ್ದ. ನಿರ್ಮಲಾ ಕಿಟಕಿಯಿಂದ ಬಗ್ಗಿ, ‘ಟರ್ನ್ ಡೌನ್ ದ ರೇಡಿಯೋ’ ಎಂದು ಕೂಗಿದಳು. ಆತ ರೇಡಿಯೋದ ಕಿವಿ ತಿರುವಿ ಸದ್ದು ಇಳಿಸಿದ. ‘ನೋಡ್ರಿ, ಇದು ಮೊದಲನೇ ಅರ್ಥ. ಸದ್ದು, ಬೆಂಕಿ, ದೀಪ, ಏನರ ಜೋರಿದ್ದದ್ದನ್ನ ಸಣ್ಣ ಮಾಡೂದು.’ ಆಮೇಲೆ ಜಮಖಾನೆಯ ಅಂಚು ಮಡಚಿ ತೋರಿಸಿದಳು. ಅಂಗಿಯ ಕಾಲರು, ಹಾಸಿಗೆಯ ಅರಿವೆ, ಪುಸ್ತಕದ ಹಾಳೆ, ಇವನ್ನು ಮಡಚುವುದಕ್ಕೂ ಅದೇ ಮಾತು. ‘ಮೂರನೇದ್ದು ಪರೀಕ್ಷಾದಾಗ ಬರೂದು. ಯಾರರ ಏನರ ಕೊಡಾಕ ಬಂದ್ರ, ಕೇಳಾಕ ಬಂದ್ರ, ನೀವು ಒಲ್ಲೆ ಅನ್ನೂದು. ಕೆಲಸ ಕೊಡ್ತೇನಿ ಅಂದ್ರು, ಒಲ್ಲೆ ಅಂದೆ. ಸಂಬಂಧ ಬಂತು, ಒಲ್ಲೆ ಅಂದೆ. ಒಂದು ಮಾತು ನೆನಪಿಡ್ರಿ, ಯಾರೋ ಮುಂದ ಚಾಚಬೇಕು, ಆವಾಗನ ಇದನ್ನ ಬಳಸಬೇಕು. ಯಾರೂ ಕೊಡದನ ಇದ್ದದ್ದನ್ನ ಟರ್ನ್ ಡೌನ್ ಮಾಡಾಕ ಬರೂದಿಲ್ಲ.’

ಬರೀ ಹೇಳಿ ಬಿಟ್ಟರೆ ಅಕ್ಕಾರು ಹೇಗಾದಾರು? ಪಂಚಮಿಗೆಂದು ಕಟ್ಟಿದ್ದ ಶೇಂಗಾ ಉಂಡಿಯ ಡಬ್ಬಿ ತಂದಳು. ತಾನು ಒಬ್ಬೊಬ್ಬರಿಗೆ ಉಂಡಿ ಚಾಚುವುದು, ಅವರು ‘ನೋ, ಥ್ಯಾಂಕ್ಯೂ’ ಎಂದು ಟರ್ನ್ ಡೌನ್ ಮಾಡುವುದು. ಮಕ್ಕಳು ಬಾಯಲ್ಲಿ ‘ನೋ, ಥ್ಯಾಂಕ್ಯೂ’ ಎಂದರು, ಕೈ ಚಾಚಿ ಉಂಡಿ ತೆಗೆದುಕೊಂಡರು. ಖೋಲಿಯೆಲ್ಲ ನಗೆ. ಕೊನೆಗೆ ಕೂತಿದ್ದವಳು ನಸ್ರೀನ್, ನಿರ್ಮಲಾಳ ತವರಾದ ಮೋಟೆಬೆನ್ನೂರಿನಿಂದಲೇ ಬಸ್ಸು ಹತ್ತಿ ಬರುವ ಹುಡುಗಿ. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಕುಂತಿದ್ದಳು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ‘ನೋ, ಥ್ಯಾಂಕ್ಯೂ’ ಎಂದಳು. ಒಂದೇ ಸಲ, ಸ್ಪಷ್ಟವಾಗಿ.

‘ಶಾಣ್ಯಾಕಿ’ ಎಂದಳು ನಿರ್ಮಲಾ. ‘ತಗೋ, ಒಂದರ ತಿನ್ನು’ ಎಂದು ಅವಳ ಪುಸ್ತಕದ ಮೇಲೆ ಉಂಡಿ ಇಟ್ಟೇಬಿಟ್ಟಳು.

‘ಅಕ್ಕಾರ, ನಾ ಟರ್ನ್ ಡೌನ್ ಮಾಡಿದ್ದೆ. ನೀವ ಕೇಳಲಿಲ್ಲ’ ಎಂದಳು ನಸ್ರೀನ್.

ಮಕ್ಕಳು ಮತ್ತೆ ನಕ್ಕರು. ನಿರ್ಮಲಾ ನಗಲಿಲ್ಲ. ಆ ಉಂಡಿಯನ್ನು ಹಿಂದಕ್ಕೆ ತೆಗೆದುಕೊಂಡು ಡಬ್ಬಿಯ ಮುಚ್ಚಳ ಹಾಕಿದಳು.

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಈ ಸೀಮೆಯಲ್ಲಿ ಊಟಕ್ಕೆ ಕೂತವನು ಒಲ್ಲೆ ಎಂದರೆ ಅದು ಒಲ್ಲೆ ಅಲ್ಲ, ಮರ್ಯಾದೆ. ಎರಡನೇ ಸಲ ಅಂದರೆ ಸಂಕೋಚ. ತಾಟಿನ ಮೇಲೆ ಎರಡೂ ಅಂಗೈ ಅಡ್ಡ ಹಿಡಿದು ಮೈಯೆಲ್ಲ ಬಗ್ಗಿಸಿದರೂ ಬೆರಳ ಸಂದಿನಿಂದ ತುಪ್ಪ ಬಿಟ್ಟೇ ಬಿಡುತ್ತಾರೆ. ಬಡಿಸುವವರಿಗೆ ಇದು ಪ್ರೀತಿ, ಉಣ್ಣುವವರಿಗೂ ಪ್ರೀತಿಯೇ, ಜಗಳವಿಲ್ಲ. ಆದರೆ ಅದೇ ಕಿವಿಯನ್ನು ಹೊತ್ತುಕೊಂಡು ಇವರು ತಾಟಿನಿಂದ ಎದ್ದು ಉಳಿದ ವ್ಯವಹಾರಕ್ಕೂ ಬಂದುಬಿಡುತ್ತಾರೆ. ಅದರಲ್ಲೂ ಹೆಣ್ಣುಮಗಳ ಒಲ್ಲೆ ಎಂದರೆ ಮುಗಿಯಿತು, ಅದನ್ನು ನಾಚಿಕೆ ಎಂದು ಹೆಸರಿಟ್ಟು ಪಕ್ಕಕ್ಕೆ ಸರಿಸುತ್ತಾರೆ. ನನಗೆ ಕೇಳಿದರೆ ಇದಕ್ಕಿಂತ ಅನುಕೂಲದ ಕಿವುಡು ಇನ್ನೊಂದಿಲ್ಲ.

ನಿರ್ಮಲಾಗೆ ಅದು ಗೊತ್ತಿಲ್ಲದ್ದೇನಲ್ಲ. ಬಿ.ಎಡ್. ಮುಗಿಯುವ ಮೊದಲೇ ಶಶಿಕಾಂತನ ಸಂಬಂಧ ಬಂದಾಗ ಒಲ್ಲೆ ಎಂದಿದ್ದಳು. ಅಪ್ಪ ಪ್ರಭುಲಿಂಗಪ್ಪ ಮೀಸೆಯಲ್ಲೇ ನಕ್ಕು, ‘ಎಲ್ಲಾ ಹುಡಿಗೇರೂ ಹಂಗ ಅಂತಾರ’ ಎಂದು ಸಕ್ಕರೆ ಹಂಚಿಸಿದ್ದ. ಗಂಡ ಒಳ್ಳೆಯವನು ಸಿಕ್ಕ, ಮುಂದೆ ಓದಿಸಿದ, ಆ ಮಾತು ಬೇರೆ. ಅವನು ಒಳ್ಳೆಯವನಾದದ್ದು ಅವಳ ಪುಣ್ಯವೇ ಹೊರತು ಅವಳ ಮಾತಿಗೆ ಸಿಕ್ಕ ಬೆಲೆಯಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಸಕ್ಕರೆ ನೆನಪಾದಾಗ ಅವಳಿಗೆ ಸಿಟ್ಟು ಬರುತ್ತಿತ್ತು.

ಕ್ಲಾಸು ಮುಗಿದ ಮೇಲೆ ನಸ್ರೀನ್ ಹಿಂದೆ ಉಳಿದಳು. ಮುಂದಿನ ತಿಂಗಳಿಂದ ಬರುವುದು ಕಷ್ಟ ಎಂದಳು. ಬಸ್ಸು ಇಳಿಯುವಷ್ಟರಲ್ಲಿ ಕತ್ತಲಾಗುತ್ತದೆ, ಮನೆಯಲ್ಲಿ ಬೇಡ ಅನ್ನುತ್ತಾರೆ. ಆ ಕಡೆಯಿಂದ ಬರುತ್ತಿದ್ದ ಇನ್ನೂ ಇಬ್ಬರು ಹುಡುಗಿಯರು ಹೀಗೆಯೇ ಬಿಟ್ಟಿದ್ದರು. ನಿರ್ಮಲಾ ಅವಳ ಭುಜ ತಟ್ಟಿ, ‘ಸ್ವಲ್ಪ ತಡಿ. ನಾನ ಅಲ್ಲಿಗೆ ಬರ್ತೇನಿ’ ಎಂದಳು.

ಅದು ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ. ಮೋಟೆಬೆನ್ನೂರಿನಲ್ಲಿ ಹೆದ್ದಾರಿಗೆ ಹತ್ತಿದಂತೆ ನಿರ್ಮಲಾಳ ತವರಿನವರ ಮೂರೆಕರೆ ಎರೆ ಹೊಲವಿತ್ತು. ಹಿಂದಿನ ವರ್ಷ ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ತಾಯಿ ಪ್ರೇಮವ್ವ, ತಮ್ಮ ವೀರೇಂದ್ರ, ನಿರ್ಮಲಾ, ಮೂವರ ಹೆಸರೂ ಬಂದಿತ್ತು. ಹುಡುಗಿಯಾಗಿದ್ದಾಗ ಆ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿ, ಬ್ಯಾಡಗಿ ಪೇಟೆಗೆ ಅಪ್ಪನ ಜೊತೆ ಚೀಲದ ಮೇಲೆ ಕೂತು ಹೋಗಿ, ಕಾಲೇಜಿನ ಫೀ ಅವಳೇ ಹೊಂದಿಸಿದ್ದಳು. ಬೆರಳು ಉರಿಯುತ್ತಿದ್ದರೆ ಪುಸ್ತಕದ ಹಾಳೆಯನ್ನು ಮೊಣಕೈಯಿಂದ ತಿರುವುತ್ತಿದ್ದಳು. ಈಗ ತನ್ನ ಪಾಲಿನ ಅಂಚಿಗೆ, ಬಸ್ಸು ನಿಲ್ಲುವಲ್ಲಿ, ಒಂದು ತಗಡಿನ ಖೋಲಿ ಹಾಕಿ ಆ ಕಡೆಯ ಹುಡುಗಿಯರಿಗೆ ಅಲ್ಲೇ ಕಲಿಸಬೇಕೆಂಬುದು ಅವಳ ಮನಸ್ಸಿನಲ್ಲಿತ್ತು. ಗಂಡನಿಗೆ ಹೇಳಿದ್ದಳು. ತಮ್ಮನಿಗೆ ಇನ್ನೂ ಹೇಳಿರಲಿಲ್ಲ.

ಅವಳು ಹೇಳುವ ಮೊದಲು ಅವನೇ ಬಂದ.

ಪಂಚಮಿಗೆ ಅಕ್ಕನನ್ನು ಕರೆಯಲು ತಮ್ಮ ಬರುವುದು ರೂಢಿ. ವೀರೇಂದ್ರ ಮೋಟರ್ ಸೈಕಲ್ಲಿನಲ್ಲಿ ಬಂದು, ಶಶಿಕಾಂತನ ಅಂಗಡಿಯ ಬಾಕಿನ ಮೇಲೆ ಕೂತು, ಚಹಾ ಕುಡಿದು, ನಗುನಗುತ್ತಲೇ ವಿಷಯ ತೆಗೆದ. ಹೆದ್ದಾರಿ ಅಗಲವಾದ ಮೇಲೆ ಹೊಲದ ಮೇಲೆ ಎಲ್ಲರ ಕಣ್ಣು. ಢಾಬಾ ಹಾಕುವ ಒಂದು ಪಾರ್ಟಿ ಇಡೀ ಮೂರೆಕರೆ ಕೇಳುತ್ತಿದ್ದಾರೆ. ತಾನು ಹಾವೇರಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕಬೇಕೆಂದಿದ್ದೇನೆ. ಅಕ್ಕನದು ಒಂದು ಸಹಿ ಬೇಕು, ಹಕ್ಕು ಬಿಟ್ಟ ಪತ್ರಕ್ಕೆ.

‘ಹಬ್ಬ ಮುಗದ ಮರುದಿನ ಹಿರ್ಯಾರನ್ನ ಕೂಡಸಿ ಉಡಿ ತುಂಬತೇವಿ. ಸೋಮವಾರ ಬ್ಯಾಡಗ್ಯಾಗ ಸಹಿ. ಇಳಕಲ್ ಸೀರಿ ತಂದೇನಿ ಅಕ್ಕಾ, ನೋಡಿದ್ರ ಕಣ್ಣ ತೆಗೀಲಿಕ್ಕಿಲ್ಲ’ ಎಂದ.

ಇಲ್ಲಿ ಉಡಿಯ ಮಾತು ಹೇಳಲೇಬೇಕು. ಮಗಳು ತವರಿಂದ ಹೊರಡುವಾಗ ಮಣೆಯ ಮೇಲೆ ಕೂಡಿಸಿ, ಅವಳು ಸೆರಗು ಒಡ್ಡಿದರೆ ಅದಕ್ಕೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಉತ್ತತ್ತಿ, ಕುಪ್ಪಸದ ಖಣ ಹಾಕಿ ಕಳಿಸುತ್ತಾರೆ. ಉಡಿ ಒಲ್ಲೆ ಎಂದವರನ್ನು ಯಾರೂ ಕಂಡಿಲ್ಲ, ಒಲ್ಲೆ ಎನ್ನಬಾರದೆಂದು ಯಾರೂ ಹೇಳಿಕೊಟ್ಟೂ ಇಲ್ಲ, ಅಷ್ಟು ಗಟ್ಟಿ ಅದು. ನಿರ್ಮಲಾಳ ಮನೆತನದಲ್ಲಿ ಇದಕ್ಕೊಂದು ಬಾಲ ಸೇರಿಕೊಂಡಿತ್ತು. ಹೆಣ್ಣುಮಗಳು ಹೊಲದ ಪಾಲು ಬಿಡುವಾಗ ಹಿರಿಯರ ಮುಂದೆ ಸೀರೆ ಸಮೇತ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ ಬಿತ್ತೆಂದರೆ ಮಾತು ಮುಗಿಯಿತು, ಪಾಲು ಬಿಟ್ಟಳು. ಆಮೇಲಿನ ಸಹಿ ಸರ್ಕಾರದ ಸಮಾಧಾನಕ್ಕೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊಲ ತೆಗೆದುಕೊಳ್ಳುವ ಈ ಉಪಾಯ ಯಾವ ಅಜ್ಜನಿಗೆ ಹೊಳೆಯಿತೋ, ಅವನು ಬುದ್ಧಿವಂತನೇ ಇರಬೇಕು.

‘ನಾ ಒಲ್ಲೆ ವೀರೂ. ನನ್ನ ಪಾಲು ನನಗ ಬೇಕು. ಅಲ್ಲೆ ಖೋಲಿ ಹಾಕಿ ಹುಡಿಗೇರಿಗೆ ಕಲಸ್ತೇನಿ’ ಎಂದಳು ನಿರ್ಮಲಾ.

ವೀರೇಂದ್ರ ಭಾವನ ಕಡೆ ನೋಡಿ ನಕ್ಕ. ‘ಎಲ್ಲಾ ಅಕ್ಕಂದಿರೂ ಮೊದಲ ಹಂಗ ಅಂತಾರ ಮಾವಾರ. ಹಬ್ಬಕ್ಕ ಕಳಿಸಿಕೊಡ್ರಿ’ ಎಂದು ಹೇಳಿ ಗಾಡಿ ಹತ್ತಿದ. ಅವನು ಕೆಟ್ಟವನಲ್ಲ. ಅಕ್ಕನ ಮೇಲೆ ಜೀವ ಇಟ್ಟುಕೊಂಡವನು. ಒಲ್ಲೆ ಎಂಬುದು ಅವನ ಕಿವಿಯವರೆಗೆ ಹೋಗಿ, ಅಲ್ಲಿ ಹೂಂ ಆಗಿ ಒಳಗಿಳಿಯುತ್ತಿತ್ತು.

ಹೊರಡುವ ದಿನ ಶಶಿಕಾಂತ ಬಸ್ ನಿಲ್ದಾಣದವರೆಗೆ ಬಂದ. ‘ನಾ ಬಂದ್ರ ಅಳಿಯ ಹೊಲದ ಆಸೆಕ್ಕ ಬಂದಾನ ಅಂತಾರ. ನಿನ್ನ ಮನಸ್ಸಿನಾಗ ಇದ್ದದ್ದು ಮಾಡು’ ಎಂದ. ಕಿಟಕಿಯ ಸೀಟಿಗೆ ಟವೆಲ್ ಹಾಕಿ ಹಿಡಿದುಕೊಟ್ಟ. ಇಷ್ಟು ಹೇಳುವ ಗಂಡ ಎಷ್ಟು ಜನಕ್ಕಿದ್ದಾನೆ ಎಂದು ನಿರ್ಮಲಾ ಯೋಚಿಸಿದಳು, ಆದರೂ ಅವಳಿಗೆ ಭಯವಾಗಿತ್ತು. ತವರು ತಪ್ಪಿಹೋಗುವ ಭಯ. ಅಪ್ಪನಿಲ್ಲದ ಮೊದಲ ಪಂಚಮಿ ಅದು.

ಮೋಟೆಬೆನ್ನೂರಿನವರಿಗೆ ತಮ್ಮ ಊರು ಸ್ವಾತಂತ್ರ್ಯಕ್ಕೆ ಹೋರಾಡಿದವರ ಊರೆಂದು ಹೆಮ್ಮೆ, ಅದು ಸರಿಯಾದ ಹೆಮ್ಮೆ. ಬ್ರಿಟಿಷರಿಗೆ ಒಲ್ಲೆ ಎಂದದ್ದನ್ನು ಇಂದಿಗೂ ಕಟ್ಟೆಯ ಮೇಲೆ ಕೂತು ಹೇಳುತ್ತಾರೆ. ಮನೆಯ ಹೆಣ್ಣುಮಗಳು ಒಲ್ಲೆ ಎಂದರೆ ಮಾತ್ರ ಅದೇ ಕಟ್ಟೆಯವರು ನಗುತ್ತಾರೆ.

ಹಬ್ಬ ಹಬ್ಬದಂತೆಯೇ ನಡೆಯಿತು. ರೊಟ್ಟಿ ಪಂಚಮಿಯ ದಿನ ವೀರೇಂದ್ರನ ಹೆಂಡತಿ ಸ್ನೇಹಾ ಬೆಳಗಿನಿಂದ ಒಲೆಯ ಮುಂದೆ ಕೂತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಒಟ್ಟಲು ಒಟ್ಟಿದಳು. ಓಣಿಯೆಲ್ಲ ರೊಟ್ಟಿ ಕೊಟ್ಟು ತಂದರು. ನಿರ್ಮಲಾಳ ತಾಟಿಗೆ ಪ್ರತಿ ಮನೆಯವರೂ ಒಂದೊಂದು ಹಾಕಿದರು. ಅವಳು ಸಾಕು ಎಂದಳು, ಅವರು ಹಾಕಿದರು. ಮಾರನೇ ದಿನ ನಾಗಪ್ಪನಿಗೆ ಹಾಲೆರೆದರು. ವೀರೇಂದ್ರ ಅಕ್ಕನನ್ನು ಜೋಕಾಲಿಯಲ್ಲಿ ಕೂಡಿಸಿ ಜೋರಾಗಿ ತೂಗಿದ. ‘ಸಾಕೋ, ಬಿಡೋ’ ಎಂದಷ್ಟೂ ಮತ್ತಷ್ಟು ತೂಗಿದ. ಅವಳು ನಕ್ಕಳು, ನಿಜವಾಗಿಯೂ ಖುಷಿಪಟ್ಟಳು, ಮೇಲಕ್ಕೆ ಹೋದಾಗ ಹೆದ್ದಾರಿಯಾಚೆ ತಮ್ಮ ಹೊಲ ಕಾಣುತ್ತಿತ್ತು.

ಸಂಜೆ ಒಬ್ಬಳೇ ಹೊಲಕ್ಕೆ ಹೋದಳು. ಮೆಣಸಿನ ಸಸಿ ಆಗಷ್ಟೇ ಹಚ್ಚಿದ್ದರು. ಅಂಚಿನ ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಇಲ್ಲಿಂದ ಇಲ್ಲಿಗೆ ಖೋಲಿ, ಬಾಗಿಲು ಈ ಕಡೆ, ಕಿಟಕಿ ಆ ಕಡೆ ಎಂದು ಕಾಲಿನಿಂದ ಮಣ್ಣಿನಲ್ಲಿ ಗೆರೆ ಎಳೆದು ನೋಡಿದಳು. ಇದು ತನ್ನದು ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ಯಾರಿಂದಲೂ ಕೇಳಿ ಪಡೆಯಬೇಕಾದದ್ದಲ್ಲ, ಕೊಡು ಎಂದವರಿಗೆ ಕೊಡಲಾರೆ ಎನ್ನಬೇಕು, ಅಷ್ಟೇ. ಅಷ್ಟೇ ಎಂಬುದು ಎಷ್ಟು ಕಷ್ಟ ಎಂದೂ ಅವಳಿಗೆ ಗೊತ್ತಿತ್ತು.

ಮರುದಿನ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಮನೆತನದ ನಾಲ್ಕು ಮಂದಿ ಹಿರಿಯರು ಬಂದು ಎಲೆ ಅಡಿಕೆ ಹಾಕಿಕೊಂಡು ಕೂತರು. ಕುಪ್ಪೇಲೂರಿನಿಂದ ಉಡಚವ್ವ ಬಂದಿದ್ದಳು. ಪ್ರಭುಲಿಂಗಪ್ಪನ ಅಕ್ಕ, ಎಪ್ಪತ್ತು ದಾಟಿದ ಮುತ್ತೈದೆ, ಮನೆತನದಲ್ಲಿ ಯಾರ ಉಡಿಯಾದರೂ ತುಂಬುವ ಕೈ ಅವಳದೇ. ತಾಯಿ ಪ್ರೇಮವ್ವ ಒಳಗಿನ ಬಾಗಿಲಿಗೆ ಒರಗಿ ಕೂತಿದ್ದಳು. ಗಂಡ ಸತ್ತವಳು ಉಡಿ ತುಂಬುವಂತಿಲ್ಲ, ಹೆತ್ತ ಮಗಳದ್ದಾದರೂ. ಈ ಕಟ್ಟಳೆ ಮಾಡಿದವರ ಮೇಲೆ ನಿರ್ಮಲಾಗೆ ಮೊದಲಿಂದಲೂ ಸಿಟ್ಟು.

ನಿರ್ಮಲಾಳನ್ನು ಮಣೆಯ ಮೇಲೆ ಕೂಡಿಸಿದರು. ಮುಂದೆ ಮೊರದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ. ಅದರ ಮೇಲೆ ಮಡಚಿಟ್ಟ ಇಳಕಲ್ ಸೀರೆ, ತಮ್ಮ ಹೇಳಿದ್ದು ಸುಳ್ಳಲ್ಲ, ಚಂದವಿತ್ತು. ಹಿರಿಯರಲ್ಲೊಬ್ಬ ಗಂಟಲು ಸರಿ ಮಾಡಿಕೊಂಡು, ಹೊಲದ ಪಾಲು ತಮ್ಮನಿಗೆ ಬಿಟ್ಟುಕೊಟ್ಟು ಮಗಳು ಸಂತೋಷದಿಂದ ಉಡಿ ತುಂಬಿಸಿಕೊಳ್ಳುತ್ತಾಳೆ ಎಂದ. ಉಡಚವ್ವ ಎರಡೂ ಬೊಗಸೆ ತುಂಬ ಅಕ್ಕಿ ಎತ್ತಿದಳು.

‘ಸೆರಗ ಒಡ್ಡವ್ವಾ.’

‘ನಾ ಒಲ್ಲೆ ಅತ್ತಿ’ ಎಂದಳು ನಿರ್ಮಲಾ.

ಎಲ್ಲರೂ ನಕ್ಕರು. ‘ಶಾಸ್ತ್ರಕ್ಕ ಅನ್ನಾಕತ್ತಾಳ’ ಎಂದ ಒಬ್ಬ. ವೀರೇಂದ್ರನೂ ನಕ್ಕು, ಸೀರೆಯನ್ನು ಅವಳ ಹತ್ತಿರಕ್ಕೆ ಸರಿಸಿದ.

‘ನಾ ಖರೇನ ಒಲ್ಲೆ. ಹೊಲ ಬಿಡೂದಿಲ್ಲ.’

ಈ ಸಲ ನಗೆ ಸ್ವಲ್ಪ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ. ಮತ್ತೊಬ್ಬ ಹಿರಿಯ, ‘ಇಂಗ್ಲಿಷ ಕಲತಾಕಿ, ಭಾಳ ನಾಚಿಕಿ’ ಎಂದು ಹೇಳಿ ಗಡಿಯಾರ ನೋಡಿದ. ‘ಲಗೂ ಒಡ್ಡವ್ವಾ, ನನ್ನ ಕೈ ನೋಯಾಕತ್ತಾವ’ ಎಂದಳು ಉಡಚವ್ವ. ಬೊಗಸೆಯ ಅಂಚಿನಿಂದ ಅಕ್ಕಿ ಕಾಳು ಕಂಬಳಿಯ ಮೇಲೆ ಉದುರುತ್ತಿತ್ತು.

ನಿರ್ಮಲಾಗೆ ಕಣ್ಣು ತುಂಬಿ ಬಂತು, ದುಃಖಕ್ಕಲ್ಲ, ಸಿಟ್ಟಿಗೆ. ಎರಡು ಸಲ ಎಲ್ಲರಿಗೂ ಕೇಳುವಂತೆ ಹೇಳಿದ್ದಳು. ಕೆಳಗಿನ ಅಂಗಡಿಗೆ ಕೇಳುವ ದನಿ ಎದುರಿಗೆ ಕೂತವರಿಗೆ ಕೇಳುತ್ತಿರಲಿಲ್ಲ. ಅವರ ಕಣ್ಣೆಲ್ಲ ಅವಳ ಬಾಯಿಯ ಮೇಲಲ್ಲ, ಸೆರಗಿನ ಮೇಲಿತ್ತು. ಅದು ಈಗ ಬಿಚ್ಚುತ್ತದೆ, ಈಗ ಬಿಚ್ಚುತ್ತದೆ ಎಂದು ಕಾಯುತ್ತಿದ್ದರು. ಆಗ ನಸ್ರೀನ್ ನೆನಪಾದಳು, ಬೆನ್ನ ಹಿಂದೆ ಕೈ ಕಟ್ಟಿ ಕೂತಿದ್ದವಳು.

ನಿರ್ಮಲಾ ಮಣೆಯಿಂದ ಎದ್ದಳು. ಹೆಗಲ ಮೇಲಿನ ಸೆರಗನ್ನು ಮುಂದಕ್ಕೆ ತಂದು, ಸೊಂಟಕ್ಕೆ ಒಂದು ಸುತ್ತು ಸುತ್ತಿ, ಬಿಗಿಯಾಗಿ ಸಿಗಿಸಿದಳು. ಮೆಣಸಿನಕಾಯಿ ಬಿಡಿಸಲು ಸಾಲಿಗೆ ಇಳಿಯುವಾಗ ಸಿಗಿಸುತ್ತಿದ್ದಳಲ್ಲ, ಹಾಗೆ. ಈಗ ಅಕ್ಕಿ ಬೀಳಲು ಎಲ್ಲಿಯೂ ಜಾಗವಿರಲಿಲ್ಲ.

ಪಡಸಾಲೆಯಲ್ಲಿ ನಗೆ ನಿಂತಿತು.

‘ಇದೇನ ಮಾಡಾಕತ್ತೀ ಅಕ್ಕಾ?’ ಎಂದ ವೀರೇಂದ್ರ. ಮೊದಲ ಸಲ ಅವನ ಮುಖ ಬಾಡಿತು.

‘ನೀ ತಂದ ಸೀರಿ ಚಂದ ಐತಿ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಬರೇ ಉಡಿ ತುಂಬತೇನಿ, ಹೊಲದ ಮಾತಿಲ್ಲ ಅನ್ನು, ಈ ಕ್ಷಣಕ್ಕ ಸೆರಗ ಬಿಚ್ಚಿ ಒಡ್ತೇನಿ. ಹೊಲ ಕಟ್ಟಿದ ಉಡಿ ನನಗ ಬ್ಯಾಡ. ನನ್ನ ಪಾಲು ನಾ ಮಾರೂದಿಲ್ಲ, ನೀ ಮಾರಾಕ ಬಿಡೂದಿಲ್ಲ. ಸೋಮವಾರ ನಾ ಬ್ಯಾಡಗಿಗೆ ಬರೂದಿಲ್ಲ, ಕ್ಲಾಸ ಐತಿ.’

ಹಿರಿಯರಲ್ಲೊಬ್ಬ ಎದ್ದು ನಿಂತ. ಉಡಿ ತಿರಸ್ಕಾರ ಮಾಡಿದ ಹೆಣ್ಣುಮಗಳಿಗೆ ತವರಮನೆ ಬಾಗಿಲು ಬಂದಾಗುತ್ತದೆ, ವಿಚಾರ ಮಾಡು ಎಂದ.

‘ಆ ಬಾಗಿಲದಾಗೂ ನಂದೊಂದು ಪಾಲು ಐತಿ ಕಾಕಾ. ಬಂದ್ ಮಾಡೂಮುಂದ ನನ್ನ ಕೇಳ್ರಿ’ ಎಂದಳು.

‘ಕೋರ್ಟಿಗೆ ಹೋಗ್ಬೇಕಾಗ್ತದ ಅಕ್ಕಾ’ ಎಂದ ವೀರೇಂದ್ರ.

‘ಹೋಗು. ಹಾವೇರಿ ಏನ್ ದೂರ ಐತಿ? ಬಸ್ಸಿನ್ಯಾಗ ನಿನಗೂ ಒಂದು ಸೀಟ ಹಿಡೀತೇನಿ.’

ವೀರೇಂದ್ರ ಸುತ್ತ ನೋಡಿದ. ‘ಅವ್ವ ಒಪ್ಪ್ಯಾಳ, ನೀ ಒಬ್ಬಾಕಿ…’ ಎಂದು ಶುರು ಮಾಡಿದ. ಬಾಗಿಲಿಗೆ ಒರಗಿ ಕೂತಿದ್ದ ಪ್ರೇಮವ್ವ ತಲೆಯೆತ್ತದೆಯೇ, ‘ನನ್ನ ಯಾರು ಕೇಳ್ಯಾರಪ್ಪಾ?’ ಎಂದಳು. ಅಷ್ಟು ಹೇಳಿ ಕಂಬಳಿಯ ಮೇಲೆ ಬಿದ್ದ ಅಕ್ಕಿ ಕಾಳುಗಳನ್ನು ಒಂದೊಂದೇ ಆರಿಸತೊಡಗಿದಳು.

ಇಷ್ಟೂ ಹೊತ್ತು ಉಡಚವ್ವ ಬೊಗಸೆ ಇಳಿಸಿರಲಿಲ್ಲ. ‘ಅತ್ತಿ, ನೀ ತುಂಬು. ಈಕಿ ಮಾತ ಕೇಳಬ್ಯಾಡ’ ಎಂದ ವೀರೇಂದ್ರ.

‘ಎಲ್ಲಿ ತುಂಬ್ಲಿ?’ ಎಂದಳು ಉಡಚವ್ವ. ನಿರ್ಮಲಾ ಸೊಂಟಕ್ಕೆ ಸಿಗಿಸಿದ ಸೆರಗನ್ನೇ ನೋಡಿದಳು. ‘ನಾನೂ ಒಲ್ಲೆ ಅಂದಿದ್ದೆ. ಇದ ಪಡಸಾಲ್ಯಾಗ, ಇದ ಮಣಿ ಮ್ಯಾಲೆ. ಎಲ್ಲಾರೂ ನಕ್ರು. ಎಲ್ಲಾರೂ ನಕ್ರು ಅಂತ ನಾನೂ ನಕ್ಕೆ, ಒಡ್ಡಿದೆ.’ ಬೊಗಸೆಯ ಅಕ್ಕಿಯನ್ನು ಮೊರಕ್ಕೆ ಸುರಿದು ಕೈ ಝಾಡಿಸಿದಳು. ‘ತಮ್ಮಾ, ನಿಮ್ಮಕ್ಕ ಒಲ್ಲೆ ಅಂದಾಳ. ಕೇಳಿಸ್ತಿಲ್ಲೋ ನಿನಗ?’

ಹಿರಿಯರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿದರು. ಅವರನ್ನು ಕಳಿಸಿ ಬಂದ ವೀರೇಂದ್ರ ಅಂಗಳದಲ್ಲಿ ನಿಂತು ಢಾಬಾದ ಪಾರ್ಟಿಗೆ ಫೋನ್ ಮಾಡಿದ. ‘ಇಲ್ರಿ, ಆಗೂದಿಲ್ರಿ. ನಮ್ಮಕ್ಕ ಒಲ್ಲೆ ಅಂದಾಳ್ರಿ’ ಎಂದದ್ದು ಒಳಗೆ ಎಲ್ಲರಿಗೂ ಕೇಳಿಸಿತು. ನಿರ್ಮಲಾ ಗೋಡೆ ಹಿಡಿದು ಕೂತಳು. ತಮ್ಮನ ಬಾಯಿಂದ ತನ್ನ ಮಾತು ತನ್ನ ಮಾತಾಗಿಯೇ ಬಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು.

‘ಉಣ್ಣಾಕ ಏಳ್ರಿ’ ಎಂದಳು ಪ್ರೇಮವ್ವ. ‘ಜಗಳ ಆಮ್ಯಾಲೆ ಮಾಡಾಕ ಬರ್ತದ, ಪಲ್ಯ ಆರಿ ಹೋಗ್ತದ.’

ಕೂತರು. ವೀರೇಂದ್ರನೂ ಬಂದು ಕೂತ, ಅಕ್ಕನ ಪಕ್ಕದಲ್ಲಲ್ಲ, ಎದುರಿಗೆ, ಮುಖ ತಾಟಿಗೆ ಹಾಕಿಕೊಂಡು. ಎಣಗಾಯಿ, ಕಾಳು ಪಲ್ಯ, ಗುರೆಳ್ಳು ಚಟ್ನಿ, ಹಬ್ಬದ್ದು ಉಳಿದ ಕಡಕ್ ರೊಟ್ಟಿ. ರೊಟ್ಟಿ ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದ ನಿರ್ಮಲಾ ಒಂದು ರೊಟ್ಟಿ ಮುಗಿಸಿದ್ದೇ ತಿಳಿಯಲಿಲ್ಲ.

ಸ್ನೇಹಾ ಬುಟ್ಟಿ ಹಿಡಿದು ಬಂದಳು. ಒಂದು ರೊಟ್ಟಿ ತೆಗೆದು ನಿರ್ಮಲಾಳ ತಾಟಿಗೆ ಬಗ್ಗಿದಳು.

‘ಸಾಕವ್ವಾ, ಒಲ್ಲೆ’ ಎಂದಳು ನಿರ್ಮಲಾ. ಹುಟ್ಟಿದಾಗಿನಿಂದ ಅನ್ನುತ್ತ ಬಂದ ಮಾತು, ಬಾಯಿಗೆ ತಾನಾಗಿ ಬಂತು.

ಸ್ನೇಹಾಳ ಕೈ ತಾಟಿನ ಮೇಲೆ ಹಾಗೇ ನಿಂತಿತು. ಅವಳು ಅತ್ತೆ ಪ್ರೇಮವ್ವನ ಮುಖ ನೋಡಿದಳು, ಉಡಚವ್ವನ ಮುಖ ನೋಡಿದಳು. ಆಮೇಲೆ ಆ ರೊಟ್ಟಿಯನ್ನು ಹಿಂದಕ್ಕೆ ತೆಗೆದು ಬುಟ್ಟಿಯಲ್ಲಿಟ್ಟು ಮುಂದಿನ ತಾಟಿಗೆ ಹೋದಳು. ಒಂದೇ ಸಲದ ಒಲ್ಲೆಗೆ ರೊಟ್ಟಿ ಹಿಂದೆ ಹೋದದ್ದನ್ನು ಆ ಮನೆ ಅದುವರೆಗೆ ನೋಡಿರಲಿಲ್ಲ.

ನಿರ್ಮಲಾಗೆ ಇನ್ನೂ ಹಸಿವಿತ್ತು. ತಾಟಿನಲ್ಲಿ ಒಂದು ಇಡೀ ಎಣಗಾಯಿ ಉಳಿದಿತ್ತು. ಬುಟ್ಟಿ ಉಡಚವ್ವನನ್ನು ದಾಟಿ, ತಮ್ಮನನ್ನು ದಾಟಿ, ಅಡುಗೆಮನೆಗೆ ಹೋಗುವುದನ್ನು ನೋಡಿದಳು. ಕರೆದರೆ ಸ್ನೇಹಾ ಓಡಿ ಬರುತ್ತಿದ್ದಳು. ಕರೆಯಲಿಲ್ಲ. ಎಣಗಾಯಿಯನ್ನು ಬರಿದೇ ತಿಂದು, ನೀರು ಕುಡಿದು, ಕೈ ತೊಳೆಯಲು ಎದ್ದಳು.